ಬಾಗಿಲು ಕಾಣದ ಒಂಟೆ: ಮಂತ್ರಿಯ ಕಾಲಾಳಿನ ಆರಂಭದ ಬಗ್ಗೆ ಓದುಗರ ಪ್ರಶ್ನೆಗಳು

ಚದುರಂಗದ ಈ ಅಂಕಣಕ್ಕೆ ಇತ್ತೀಚೆಗೆ ಬಂದ ಪತ್ರಗಳಲ್ಲಿ ಬಹುಪಾಲು ಕ್ವೀನ್ಸ್ ಗ್ಯಾಂಬಿಟ್ ಎಂಬ ಆರಂಭವನ್ನು ಕುರಿತಾದವು. ಮೈಸೂರು ಮತ್ತು ಮಂಡ್ಯದ ಓದುಗರು ಬರೆದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ನಮ್ಮ ಕಡೆಯ ರೂಢಿಯಂತೆ ಕ್ವೀನ್‌ಗೆ ಮಂತ್ರಿ, ರೂಕ್‌ಗೆ ಆನೆ, ಬಿಷಪ್‌ಗೆ ಒಂಟೆ, ನೈಟ್‌ಗೆ ಕುದುರೆ, ಪಾನ್‌ಗೆ ಕಾಲಾಳು ಎಂದೇ ಬರೆಯುತ್ತೇನೆ. ಹಲಗೆಯ ಉದ್ದ ಸಾಲುಗಳಿಗೆ ಬಿಳಿಯ ಎಡಗಡೆಯಿಂದ ಎ, ಬಿ, ಸಿ ಎಂದು ಎಚ್ ತನಕ ಹೆಸರು, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರ ತನಕ ಸಂಖ್ಯೆ; ಡಿ4 ಎಂದರೆ ಡಿ ಸಾಲಿನ ನಾಲ್ಕನೇ ಮನೆ. ಕಾಯಿಯ ಹೆಸರಿಲ್ಲದೆ ಮನೆಯನ್ನಷ್ಟೇ ಬರೆದರೆ ಅಲ್ಲಿಗೆ ನಡೆದದ್ದು ಕಾಲಾಳು. ಹಲಗೆಯನ್ನು ಮುಂದಿಟ್ಟುಕೊಂಡು, ಒಂದೊಂದು ನಡೆಯನ್ನೂ ಕಾಯಿ ಸರಿಸಿ ನೋಡುತ್ತಾ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಇದುವರೆಗೆ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ ನಡೆಸಿಯೇ ಆಟ ಆರಂಭಿಸುತ್ತಿದ್ದವಳು ಈಗ ಡಿ4 ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಎರಡನೇ ನಡೆಯಲ್ಲೇ ಕಾಲಾಳೊಂದನ್ನು ಎದುರಾಳಿಗೆ ಬಿಟ್ಟುಕೊಡುವ ಆಟವನ್ನು ಮಗುವಿಗೆ ಕಲಿಸುವುದು ಸರಿಯೇ? (ಗೃಹಿಣಿ, ಗುತ್ತಲು, ಮಂಡ್ಯ)

ಉತ್ತರ: ಧೈರ್ಯವಾಗಿ ಕಲಿಯಲಿ, ತಾಯಿ. ಗ್ಯಾಂಬಿಟ್ (ಅನುಕೂಲಕ್ಕಾಗಿ ಕಾಯಿಯೊಂದನ್ನು ಎದುರಾಳಿಗೆ ಒಡ್ಡುವುದು) ಎಂಬ ಹೆಸರೇ ನಿಮ್ಮ ಆತಂಕಕ್ಕೆ ಕಾರಣ. ಬಿಳಿ ಡಿ4, ಕಪ್ಪು ಡಿ5, ಬಿಳಿ ಸಿ4 ಎಂದು ನಡೆದಾಗ ಸಿ4ರಲ್ಲಿರುವ ಕಾಲಾಳು ಕಾವಲಿಲ್ಲದೆ ನಿಂತಂತೆ ಕಾಣುತ್ತದೆ, ಕಪ್ಪು ಅದನ್ನು ಕಡಿಯಲೂಬಹುದು. ಆದರೆ ಕಡಿದುದನ್ನು ಉಳಿಸಿಕೊಳ್ಳಲು ಹೋದರೆ ಕಷ್ಟಕ್ಕೆ ಸಿಲುಕುತ್ತದೆ. ಕಪ್ಪು ಸಿ4ರಲ್ಲಿ ಕಡಿದ ಮೇಲೆ ಬಿಳಿ ಇ3 ನಡೆಸಲಿ. ಕಪ್ಪು ತನ್ನ ಗಳಿಕೆಯನ್ನು ಕಾಯಲು ಬಿ5 ನಡೆಸಿತೆನ್ನಿ. ಆಗ ಬಿಳಿ ಎ4 ಎಂದು ಆ ಕಾವಲಿನ ಬುಡಕ್ಕೇ ಕೈ ಹಾಕುತ್ತದೆ. ಕಪ್ಪು ಸಿ6 ಎಂದು ಆಸರೆ ಕೊಟ್ಟರೆ, ಬಿಳಿ ಬಿ5ರಲ್ಲಿ ಕಡಿಯುತ್ತದೆ, ಕಪ್ಪು ಸಿ ಕಾಲಾಳಿನಿಂದ ಮರಳಿ ಕಡಿಯುತ್ತದೆ, ಆಗ ಬಿಳಿಯ ಮಂತ್ರಿ ಎಫ್3ಕ್ಕೆ ಬರುತ್ತದೆ. ಅಲ್ಲಿಂದ ಎ8ರವರೆಗಿನ ಓರೆ ದಾರಿಯಲ್ಲಿ ಅಡ್ಡ ನಿಲ್ಲುವವರು ಯಾರೂ ಉಳಿದಿಲ್ಲ. ಮೂಲೆಯ ಆನೆಯನ್ನು ಉಳಿಸಬೇಕಾದರೆ ಕಪ್ಪು ಕುದುರೆಯನ್ನೋ ಒಂಟೆಯನ್ನೋ ತೆರಬೇಕು. ಸಿ6ರ ಬದಲು ಎ6 ನಡೆಸಿದರೂ ಸುಖವಿಲ್ಲ. ಬಿ5ರಲ್ಲಿ ಎರಡೂ ಕಡೆಯವರು ಕಡಿದ ಮೇಲೆ ಎ ಸಾಲು ತೆರೆದುಕೊಂಡು, ಬಿಳಿಯ ಆನೆ ಎ8ರ ಆನೆಯನ್ನು ಹೊಡೆದುಕೊಂಡು ಹೋಗುತ್ತದೆ.

ಆದ್ದರಿಂದ ಇದು ದಾನವಲ್ಲ, ಕೈಗಡ. ಕಪ್ಪು ಕಾಲಾಳನ್ನು ಮರಳಿಸಿ, ಆ ಸಮಯದಲ್ಲಿ ತನ್ನ ಕಾಯಿಗಳನ್ನು ಸುಗಮವಾಗಿ ಹೊರತರುವುದಾದರೆ ಮಾತ್ರ ಅದನ್ನು ಸ್ವೀಕರಿಸುವುದರಲ್ಲಿ ಅರ್ಥವಿದೆ. ಹದಿನೈದನೇ ಶತಮಾನದ ಕೊನೆಯ ಗಾಟಿಂಗೆನ್ ಹಸ್ತಪ್ರತಿಯಲ್ಲೇ ಕಾಣಿಸಿಕೊಂಡ ಈ ಆರಂಭ ಇಂದಿಗೂ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಬಳಕೆಯಲ್ಲಿದೆ. ಮಗಳಿಗೆ ಇನ್ನೊಂದು ಮಾತನ್ನೂ ತಿಳಿಸಿ. ಇ4ರ ಕಾಲಾಳು ಮೊದಲ ನಡೆಯಲ್ಲಿ ಕಾವಲಿಲ್ಲದೆ ಹೋಗುತ್ತದೆ, ಡಿ4ರ ಕಾಲಾಳಿಗೆ ಬೆನ್ನ ಹಿಂದೆ ಮಂತ್ರಿಯ ಕಾವಲಿರುತ್ತದೆ. ಈ ಆರಂಭದಲ್ಲಿ ಜಗಳ ನಿಧಾನವಾಗಿ ಹುಟ್ಟಿ ದೀರ್ಘಕಾಲ ಉಳಿಯುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಪ್ರಶ್ನೆ: ಒಡ್ಡಿದ ಕಾಲಾಳನ್ನು ಕಪ್ಪು ಕೂಡಲೇ ಕಡಿಯದೆ ಬಿಡುವ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನ ಹನ್ನೆರಡು ನಡೆಗಳನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಹದಿಮೂರನೇ ನಡೆಗೆ ಬಂದಾಗ ಏನು ಮಾಡಬೇಕೆಂದೇ ತೋಚುವುದಿಲ್ಲ. ಎದುರಾಳಿ ಪುಸ್ತಕದ ಕ್ರಮ ತಪ್ಪಿಸಿದರಂತೂ ಐದನೇ ನಡೆಯಲ್ಲೇ ಗಾಬರಿಯಾಗುತ್ತದೆ. ಏನನ್ನು ಓದಬೇಕು? (ಎಂಜಿನಿಯರಿಂಗ್ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು)

ಉತ್ತರ: ಓದುವುದನ್ನು ಸ್ವಲ್ಪ ದಿನ ನಿಲ್ಲಿಸಿ, ಕಪ್ಪಿನ ಸಿ8ರ ಒಂಟೆಯೊಂದನ್ನೇ ನೋಡಿ. ಡಿ4, ಡಿ5, ಸಿ4 ಆದ ಮೇಲೆ ಕಪ್ಪು ಇ6 ನಡೆಸಿದಾಗ ಮಧ್ಯದ ಕಾಲಾಳಿಗೆ ಭದ್ರವಾದ ಆಸರೆ ಸಿಗುತ್ತದೆ, ಎಫ್8ರ ಒಂಟೆಗೆ ದಾರಿ ತೆರೆಯುತ್ತದೆ. ಅದೇ ನಡೆಯಿಂದ ಸಿ8ರ ಒಂಟೆಯ ಬಾಗಿಲು ಮುಚ್ಚುತ್ತದೆ. ಮುಂದಿನ ಹದಿನೈದು ನಡೆಗಳಲ್ಲಿ ಕಪ್ಪು ಮಾಡುವ ಬಹುಪಾಲು ಕೆಲಸಗಳು ಈ ಒಂಟೆಯನ್ನು ಹೊರತರುವ ಕೆಲಸಗಳು, ಬಿಳಿ ಮಾಡುವ ಬಹುಪಾಲು ಕೆಲಸಗಳು ಅದನ್ನು ತಡೆಯುವ ಅಥವಾ ತಡಮಾಡಿಸುವ ಕೆಲಸಗಳು. ಇಷ್ಟನ್ನು ನಿಜವಾಗಿ ಅರಿತವರಿಗೆ ಬಾಯಿಪಾಠದ ಅರ್ಧ ಭಾರ ಇಳಿಯುತ್ತದೆ ಎಂಬುದು ಮಕ್ಕಳಿಗೆ ಈ ಆಟ ಹೇಳಿಕೊಡುತ್ತಾ ನಾನು ಕಂಡುಕೊಂಡ ಸಂಗತಿ.

ಈಗ ನೀವು ಕಂಠಪಾಠ ಮಾಡಿದ ನಡೆಗಳನ್ನೇ ಈ ಕಣ್ಣಿನಿಂದ ನೋಡೋಣ. ಬಿಳಿಯ ಕುದುರೆ ಸಿ3ಕ್ಕೆ, ಕಪ್ಪಿನ ಕುದುರೆ ಎಫ್6ಕ್ಕೆ, ಬಿಳಿಯ ಒಂಟೆ ಜಿ5ಕ್ಕೆ, ಕಪ್ಪಿನ ಒಂಟೆ ಇ7ಕ್ಕೆ, ಬಿಳಿ ಇ3, ಕಪ್ಪು ಕ್ಯಾಸಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರಪಡಿಸುವುದು), ಬಿಳಿಯ ಇನ್ನೊಂದು ಕುದುರೆ ಎಫ್3ಕ್ಕೆ, ಕಪ್ಪಿನ ಇನ್ನೊಂದು ಕುದುರೆ ಡಿ7ಕ್ಕೆ, ಬಿಳಿಯ ಆನೆ ಸಿ1ಕ್ಕೆ, ಕಪ್ಪು ಸಿ6. ಈ ಹಂತದಲ್ಲಿ ಕಪ್ಪು ಡಿ5ರಿಂದ ಸಿ4ರಲ್ಲಿ ಕಡಿಯಬಹುದು, ಆದರೂ ಕಾಯುತ್ತದೆ. ಏಕೆಂದರೆ ಬಿಳಿಯ ಒಂಟೆ ಇನ್ನೂ ಎಫ್1ರಲ್ಲೇ ಇದ್ದರೆ ಅದು ಒಂದೇ ಹೆಜ್ಜೆಗೆ ಸಿ4ಕ್ಕೆ ಬಂದು ಮರಳಿ ಕಡಿಯುತ್ತದೆ. ಮೊದಲು ಡಿ3ಕ್ಕೆ ಬಂದ ಮೇಲೆ ಕಡಿದರೆ ಅದೇ ಕೆಲಸಕ್ಕೆ ಬಿಳಿ ಎರಡು ಹೆಜ್ಜೆ ಖರ್ಚು ಮಾಡಿದಂತಾಗುತ್ತದೆ. ಆನೆಯನ್ನು ಸಿ1ಕ್ಕೂ ಮಂತ್ರಿಯನ್ನು ಸಿ2ಕ್ಕೂ ಸರಿಸುತ್ತಾ ಬಿಳಿ ತನ್ನ ಒಂಟೆಯನ್ನು ಮುಟ್ಟದೆ ಕಾಲ ತಳ್ಳುವುದರ ಹಿಂದೆಯೂ ಇದೇ ಲೆಕ್ಕವಿದೆ. ಗದ್ದೆ ಹದವಾಗುವ ಮೊದಲೇ ತೂಬು ಎತ್ತಿದರೆ ನೀರು ಪೋಲಾಗುತ್ತದೆ ಎಂಬುದು ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಮಧ್ಯದ ಕಾಲಾಳುಗಳ ಮುಖಾಮುಖಿಯನ್ನು ಬಿಡಿಸುವ ಗಳಿಗೆಗೂ ಅಂಥದೇ ಹದವಿದೆ.

ಎಂಟನೇ ನಡೆಯಲ್ಲಿ ಬಿಳಿಯ ಒಂಟೆ ಡಿ3ಕ್ಕೆ ಬಂದೊಡನೆ ಕಪ್ಪು ಸಿ4ರಲ್ಲಿ ಕಡಿಯುತ್ತದೆ, ಒಂಟೆ ಮರಳಿ ಕಡಿಯುತ್ತದೆ, ಕಪ್ಪಿನ ಕುದುರೆ ಡಿ5ಕ್ಕೆ ಜಿಗಿಯುತ್ತದೆ. ಇ7ರಲ್ಲಿ ಒಂಟೆಗಳ ವಿನಿಮಯವಾಗುತ್ತದೆ, ಬಿಳಿ ಕ್ಯಾಸಲಿಂಗ್ ಮಾಡುತ್ತದೆ, ಸಿ3ರಲ್ಲಿ ಕುದುರೆಗಳ ವಿನಿಮಯವಾಗುತ್ತದೆ, ಆಮೇಲೆ ಕಪ್ಪು ಇ5 ನಡೆಸುತ್ತದೆ. ಈ ಇಡೀ ವ್ಯೂಹಕ್ಕೆ ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ ಅವರ ಹೆಸರೇ ಇದೆ. ನಿಮ್ಮ ಹನ್ನೆರಡನೇ ನಡೆ ಇದೇ ಆಗಿರಬೇಕೆಂದು ನನ್ನ ಊಹೆ. ಇ6ರಲ್ಲಿ ಬಾಗಿಲಿಗೆ ಅಡ್ಡವಾಗಿದ್ದ ಕಾಲಾಳು ಇ5ಕ್ಕೆ ಹೋಯಿತೆಂದರೆ, ಇನ್ನು ಡಿ7ರ ಕುದುರೆ ಪಕ್ಕಕ್ಕೆ ಸರಿದರೆ ಸಾಕು, ಸಿ8ರ ಒಂಟೆ ಹೊರಬರುತ್ತದೆ. ಹಾಗಾಗಿ ಹದಿಮೂರನೇ ನಡೆಯಿಂದ ನಿಮ್ಮ ಮುಂದಿರುವ ಕೆಲಸವೂ ಸ್ಪಷ್ಟ. ಮಧ್ಯದ ಕಾಲಾಳುಗಳ ವ್ಯವಹಾರ ಮುಗಿಸಿ ಒಂಟೆಯನ್ನು ಬಿಡಿಸಿಕೊಂಡರೆ ಕಪ್ಪು ಸರಿಸಮ, ಬಿಡಿಸಿಕೊಳ್ಳಲಾಗದಿದ್ದರೆ ಆಟದ ಕೊನೆಯವರೆಗೂ ಒಂದು ಕಾಯಿ ಕಡಿಮೆ ಇಟ್ಟುಕೊಂಡು ಆಡಿದಂತೆ.

ಎದುರಾಳಿ ಕ್ರಮ ತಪ್ಪಿಸಿದಾಗಲೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಿ. ಒಂಟೆಗೆ ಇನ್ನೂ ಎರಡು ಬಾಗಿಲುಗಳಿವೆ. ಬಿ6 ನಡೆಸಿ ಬಿ7ರಿಂದ ಉದ್ದನೆಯ ಓರೆ ದಾರಿಗೆ ಅದನ್ನು ತರುವುದು ಟಾರ್ಟಕೋವರ್ ಎಂಬ ಆಟಗಾರರ ದಾರಿ. ಎಚ್6 ನಡೆಸಿ ಬಿಳಿಯ ಒಂಟೆಯನ್ನು ಎಚ್4ಕ್ಕೆ ಸರಿಸಿ, ಆಮೇಲೆ ಕುದುರೆಯನ್ನು ಇ4ಕ್ಕೆ ಹಾಕಿ, ಕಾಯಿಗಳನ್ನು ವಿನಿಮಯ ಮಾಡಿಕೊಂಡು ಇಕ್ಕಟ್ಟನ್ನು ಕಳೆಯುವುದು ವಿಶ್ವ ಚಾಂಪಿಯನ್ ಆಗಿದ್ದ ಲಾಸ್ಕರ್ ಅವರ ದಾರಿ. ಚಿಕ್ಕ ಕೋಣೆಯಲ್ಲಿ ಎಂಟು ಜನರಿಗಿಂತ ಆರು ಜನ ಆರಾಮವಾಗಿ ಕೂರಬಹುದು ಎಂಬಷ್ಟೇ ಸರಳವಾದ ತರ್ಕ ಅದರದು.

ಹಳೆಯ ಕಾಲದ ಮಾತೆಂದು ಇದನ್ನು ತಳ್ಳಿಹಾಕಬೇಡಿ. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಾಬ್ಲಾಂಕಾ ಮತ್ತು ಅಲೆಖಿನ್ ನಡುವೆ ವಿಶ್ವ ಪಟ್ಟಕ್ಕಾಗಿ ನಡೆದ 34 ಆಟಗಳಲ್ಲಿ 32 ಈ ಆರಂಭದವೇ. 1972ರಲ್ಲಿ ರೇಕ್ಯಾವಿಕ್‌ನಲ್ಲಿ, ಬಹುತೇಕ ಇ4 ಒಂದನ್ನೇ ನಂಬಿದ್ದ ಫಿಷರ್ ಸ್ಪಾಸ್ಕಿ ಎದುರಿನ ವಿಶ್ವ ಪಟ್ಟದ ಪಂದ್ಯದ ಆರನೇ ಆಟವನ್ನು ಸಿ4ರಿಂದ ಆರಂಭಿಸಿ ಇದೇ ವ್ಯೂಹಕ್ಕೆ ತಂದರು. ಸ್ಪಾಸ್ಕಿ ತಮಗೆ ಚೆನ್ನಾಗಿ ಪರಿಚಿತವಾದ ಟಾರ್ಟಕೋವರ್ ದಾರಿಯನ್ನು ಹಿಡಿದರು, ಸೋತರು, ಸೋತ ಮೇಲೆ ಸಭಿಕರೊಂದಿಗೆ ತಾವೂ ಚಪ್ಪಾಳೆ ತಟ್ಟಿದರು. ನಮಗೆಲ್ಲ ಹತ್ತಿರವಾದದ್ದು 2010ರ ಸೋಫಿಯಾ. ವಿಶ್ವನಾಥನ್ ಆನಂದ್ ಮತ್ತು ಟೊಪಾಲೊವ್ ಹನ್ನೊಂದು ಆಟಗಳ ನಂತರ ಸಮಸಮವಾಗಿದ್ದರು. ಹನ್ನೆರಡನೆಯ, ಕೊನೆಯ ಆಟದಲ್ಲಿ ಕಪ್ಪು ಕಾಯಿ ಹಿಡಿದಿದ್ದ ಆನಂದ್ ನೂರಕ್ಕೂ ಹೆಚ್ಚು ವರ್ಷ ಹಳೆಯದಾದ ಲಾಸ್ಕರ್ ದಾರಿಯನ್ನೇ ಆರಿಸಿ, ಗೆದ್ದು, ಆರೂವರೆ–ಐದೂವರೆ ಅಂಕಗಳಿಂದ ಪಟ್ಟ ಉಳಿಸಿಕೊಂಡರು. ಆ ಆಟದಲ್ಲಿಯೂ ಕಪ್ಪು ಬಿ6 ನಡೆಸಿ ಒಂಟೆಯನ್ನು ಬಿ7ಕ್ಕೆ ತಂದಿತು. ಅಲ್ಲಿಂದ ಅದು ನೇರವಾಗಿ ನೋಡುತ್ತಿದ್ದುದು ಬಿಳಿಯ ರಾಜನ ಬಿಡಾರವನ್ನು. ಈ ಮೂರು ಪಂದ್ಯಗಳಿಂದ ಒಂದೊಂದು ಆಟವನ್ನು ಆರಿಸಿ, ಕಾಯಿ ಸರಿಸಿ ನೋಡಿ, ಸಿ8ರ ಒಂಟೆ ಎಷ್ಟನೇ ನಡೆಯಲ್ಲಿ ಕದಲಿತೆಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ನಾನು ನಿಮಗೆ ಹೇಳಬಲ್ಲ ಓದು ಇದೇ.

ಪ್ರಶ್ನೆ: ಶಾಲೆಗಳ ನಡುವಿನ ಪಂದ್ಯದಲ್ಲಿ ಎದುರಾಳಿಯ ಡಿ5ರ ಕಾಲಾಳು ಪುಕ್ಕಟೆ ಸಿಗುತ್ತದೆಂದು ಕುದುರೆಯಿಂದ ಕಡಿದೆ. ಅವನ ಕುದುರೆ ಮಂತ್ರಿಗೆ ಕಟ್ಟಿಬಿದ್ದಿತ್ತು, ಅಂದರೆ ಅದು ಕದಲಿದರೆ ಹಿಂದಿನ ಮಂತ್ರಿ ನನ್ನ ಒಂಟೆಯ ಹೊಡೆತಕ್ಕೆ ಸಿಗುತ್ತಿತ್ತು. ಆದರೂ ನಾನೇ ಸೋತೆ. ಎಲ್ಲಿ ತಪ್ಪಿದೆ? (ಒಂಬತ್ತನೇ ತರಗತಿಯ ವಿದ್ಯಾರ್ಥಿ, ಮಳವಳ್ಳಿ)

ಉತ್ತರ: ನೀನು ಬಿದ್ದ ಬಲೆಗೆ ಎಲಿಫೆಂಟ್ ಟ್ರ್ಯಾಪ್ ಎಂಬ ಹೆಸರಿದೆ. ನಿನ್ನ ಲೆಕ್ಕ ಒಂದೇ ನಡೆ ಮೊದಲು ನಿಂತುಹೋಯಿತು, ಅಷ್ಟೇ. ಡಿ4, ಡಿ5, ಸಿ4, ಇ6, ಕುದುರೆ ಸಿ3, ಕುದುರೆ ಎಫ್6, ಒಂಟೆ ಜಿ5 ಆದಾಗ ಕಪ್ಪು ತನ್ನ ಇನ್ನೊಂದು ಕುದುರೆಯನ್ನು ಡಿ7ಕ್ಕೆ ತರುತ್ತದೆ. ಬಿಳಿ ಡಿ5ರಲ್ಲಿ ಕಡಿದು, ಕಪ್ಪು ಇ ಕಾಲಾಳಿನಿಂದ ಮರಳಿ ಕಡಿದ ಮೇಲೆ, ನಿನ್ನ ಕುದುರೆ ಡಿ5ರಲ್ಲಿ ಕಡಿಯಿತು. ಕಟ್ಟಿಬಿದ್ದ ಕುದುರೆ ಕದಲುವುದಿಲ್ಲವೆಂದು ನೀನು ನಂಬಿದೆ. ಅದು ಕದಲಿತು, ನಿನ್ನ ಕುದುರೆಯನ್ನು ಕಡಿಯಿತು. ನಿನ್ನ ಒಂಟೆ ಡಿ8ರ ಮಂತ್ರಿಯನ್ನು ಹೊಡೆಯಿತು. ಆಗ ಎಫ್8ರ ಒಂಟೆ ಬಿ4ಕ್ಕೆ ಬಂದು ಚೆಕ್ ಕೊಟ್ಟಿತು. ರಾಜನಿಗೆ ಓಡಲು ಮನೆಯಿಲ್ಲ, ಮಂತ್ರಿಯನ್ನು ಡಿ2ಕ್ಕೆ ಅಡ್ಡ ಹಾಕುವುದೊಂದೇ ದಾರಿ. ಕೊನೆಗೆ ಎಲ್ಲವನ್ನೂ ಎಣಿಸಿದರೆ ಒಂದು ಕಾಲಾಳಿಗೆ ಬದಲಾಗಿ ಒಂದು ಕುದುರೆ ಹೋಗಿರುತ್ತದೆ.

ನೀನು ಗಮನಿಸಬೇಕಾದ ಸೂಕ್ಷ್ಮ ಇದು. ಈ ಹೊಡೆತಾಟಕ್ಕೆ ಮೊದಲೇ ನೀನು ಇ3 ನಡೆಸಿದ್ದರೆ ರಾಜ ಇ2ಕ್ಕೆ ಜಾರುತ್ತಿದ್ದ, ಬಲೆ ಹರಿದುಹೋಗುತ್ತಿತ್ತು. ಅದೇ ಕಾಯಿಗಳು, ಅದೇ ಕಡಿತಗಳು, ಒಂದು ಕಾಲಾಳು ಒಂದು ಮನೆ ಮುಂದಿದ್ದರೆ ಫಲ ತಲೆಕೆಳಗು. ನಾನು ನಿನ್ನ ವಯಸ್ಸಿನವನಾಗಿದ್ದಾಗ ಇದೇ ಬಲೆಯಲ್ಲಿ ಸೋತು, ಮನೆಗೆ ಹೋಗುವ ಬಸ್ಸಿನಲ್ಲಿ ಇಡೀ ದಾರಿ ಆ ಚೆಕ್ಕನ್ನೇ ಕಣ್ಣ ಮುಂದೆ ತಂದುಕೊಂಡಿದ್ದೆ. ಅಂದಿನಿಂದ, ಯಾವ ಕಾಯಿಯಾದರೂ ರಾಜನಿಗೆ ಕಟ್ಟಿಬಿದ್ದಿದೆಯೋ ಮಂತ್ರಿಗೆ ಕಟ್ಟಿಬಿದ್ದಿದೆಯೋ ಎಂದು ಬೇರೆಬೇರೆಯಾಗಿ ನೋಡುತ್ತೇನೆ. ರಾಜನಿಗೆ ಕಟ್ಟಿಬಿದ್ದದ್ದು ನಿಯಮದ ಪ್ರಕಾರವೇ ಆ ದಾರಿ ಬಿಟ್ಟು ಕದಲುವಂತಿಲ್ಲ. ಮಂತ್ರಿಗೆ ಕಟ್ಟಿಬಿದ್ದದ್ದು ಬೆಲೆ ತೆತ್ತು ಕದಲಬಹುದು.

ಪ್ರಶ್ನೆ: ನಮ್ಮ ತಾತ ಜಗುಲಿಯ ಮೇಲೆ ಆಡುತ್ತಿದ್ದ ಚದುರಂಗದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತಿತ್ತು. ಹಾಗಿರುವಾಗ ಈ ಡಿ4, ಸಿ4 ಆರಂಭಗಳಿಗೂ ನಮ್ಮ ಆಟಕ್ಕೂ ಏನಾದರೂ ಸಂಬಂಧವಿದೆಯೇ? (ನಿವೃತ್ತ ಅಧ್ಯಾಪಕರು, ಶ್ರೀರಂಗಪಟ್ಟಣ)

ಉತ್ತರ: ಗುರುಗಳೇ, ತಾವು ನೆನೆದದ್ದು ಸರಿಯಾಗಿದೆ. ಭಾರತೀಯ ಪದ್ಧತಿಯಲ್ಲಿ ಕಾಲಾಳಿಗೆ ಎರಡು ಮನೆಯ ಜಿಗಿತವಿರಲಿಲ್ಲ, ಆದ್ದರಿಂದ ನಾವು ಇಂದು ಆರಂಭವೆಂದು ಕರೆಯುವ ಈ ನಡೆಸಾಲುಗಳು ಆ ಆಟದಲ್ಲಿ ಹುಟ್ಟುವಂತೆಯೇ ಇರಲಿಲ್ಲ. ಮೈಸೂರಿನಲ್ಲಿ ಚದುರಂಗವನ್ನು ಅಷ್ಟೊಂದು ಪ್ರೀತಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರು ಜಗತ್ತಿನ ಚದುರಂಗ ಚರಿತ್ರೆಯಲ್ಲಿ ಉಳಿದಿರುವುದು ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳಿಗಾಗಿ, ಆರಂಭದ ನಡೆಗಳಿಗಾಗಿ ಅಲ್ಲ.

ಆದರೂ ಸಂಬಂಧವೇ ಇಲ್ಲವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾಲಾಳು ಒಂದೊಂದೇ ಮನೆ ನಡೆಯುವ ಆಟದಲ್ಲಿ ಎರಡೂ ಪಡೆಗಳು ಮೊದಲು ತಮ್ಮ ತಮ್ಮ ವ್ಯೂಹವನ್ನು ಕಟ್ಟಿಕೊಂಡು, ಆಮೇಲೆ ಯುದ್ಧಕ್ಕೆ ಇಳಿಯುತ್ತವೆ. ಮಂತ್ರಿಯ ಕಾಲಾಳಿನ ಆರಂಭಗಳ ಸ್ವಭಾವ ಇದಕ್ಕೆ ಹತ್ತಿರ. ಭಾರತೀಯ ಪದ್ಧತಿಯಲ್ಲಿ ಬೆಳೆದು ಇಂಗ್ಲೆಂಡಿಗೆ ಹೋದ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವರು ಕಾಪಾಬ್ಲಾಂಕಾ ಅವರನ್ನು ಸೋಲಿಸಿದ್ದೂ ಮಂತ್ರಿಯ ಕಾಲಾಳಿನ ಬಳಗಕ್ಕೆ ಸೇರಿದ ಆರಂಭದಿಂದಲೇ. ತಮ್ಮ ತಾತನವರ ಕಣ್ಣಿಗೆ ಇ4ರ ಬಿರುಸಿನ ಆಟಕ್ಕಿಂತ ಇದು ಹೆಚ್ಚು ಪರಿಚಿತವಾಗಿ ಕಂಡಿರುತ್ತಿತ್ತು ಎಂದೇ ನನ್ನ ಭಾವನೆ.

ಪ್ರಶ್ನೆ: ಬಿಳಿ ಬೇಗನೆ ಡಿ5ರಲ್ಲಿ ಕಡಿದುಕೊಳ್ಳುವ ಎಕ್ಸ್‌ಚೇಂಜ್ ವೇರಿಯೇಷನ್ ಆಡುತ್ತೇನೆ. ಅದರಲ್ಲಿ ಬಿಳಿ ಮಂತ್ರಿಯ ಕಡೆ ದಾಳಿ ಮಾಡಬೇಕೆನ್ನುತ್ತಾರೆ. ಅಲ್ಲಿ ಬಿಳಿಗೆ ಎರಡೇ ಕಾಲಾಳು, ಕಪ್ಪಿಗೆ ಮೂರು. ಬಲವಿಲ್ಲದ ಕಡೆಯೇ ಏಕೆ ನುಗ್ಗಬೇಕು? (ಬ್ಯಾಂಕ್ ಉದ್ಯೋಗಿ, ಸರಸ್ವತಿಪುರಂ, ಮೈಸೂರು)

ಉತ್ತರ: ಈ ಪ್ರಶ್ನೆ ನನಗೆ ತುಂಬ ಸಂತೋಷ ಕೊಟ್ಟಿತು, ಏಕೆಂದರೆ ಈ ಒಂದು ವಿಷಯ ಮನದಟ್ಟಾದವರು ಕಾಲಾಳುಗಳನ್ನು ಬೇರೆಯೇ ಬಗೆಯಲ್ಲಿ ನೋಡತೊಡಗುತ್ತಾರೆ. ಸಿ ಕಾಲಾಳು ಡಿ5ರಲ್ಲಿ ಕಡಿದು, ಕಪ್ಪು ಇ ಕಾಲಾಳಿನಿಂದ ಮರಳಿ ಕಡಿದಾಗ ಮೊದಲು ಆಗುವ ಸಂಗತಿ ಕಪ್ಪಿಗೆ ಅನುಕೂಲವಾದದ್ದು. ಇ6 ಖಾಲಿಯಾಗಿ ಸಿ8ರ ಒಂಟೆಗೆ ಬಾಗಿಲು ತೆರೆಯುತ್ತದೆ. ಅದಕ್ಕಾಗಿಯೇ ಬಿಳಿ ಮಂತ್ರಿಯನ್ನು ಸಿ2ಕ್ಕೂ ಒಂಟೆಯನ್ನು ಡಿ3ಕ್ಕೂ ತಂದು ಎಫ್5ರ ಮೇಲೆ ಕಣ್ಣಿಡುತ್ತದೆ. ಬಾಗಿಲು ತೆರೆದರೂ ಒಳ್ಳೆಯ ಮನೆ ಸಿಗಬಾರದು ಎಂಬುದು ಅದರ ಉದ್ದೇಶ.

ಈಗ ಮಂತ್ರಿಯ ಕಡೆಗೆ ಬನ್ನಿ. ಬಿಳಿಯ ಬಳಿ ಎ ಮತ್ತು ಬಿ ಕಾಲಾಳುಗಳು, ಕಪ್ಪಿನ ಬಳಿ ಎ7, ಬಿ7, ಸಿ6. ಬಿಳಿ ಆನೆಯನ್ನು ಬಿ1ಕ್ಕೆ ತಂದು, ಬಿ4, ಬಿ5 ಎಂದು ಒಂದೇ ಕಾಲಾಳನ್ನು ನುಗ್ಗಿಸುತ್ತದೆ. ಕಪ್ಪು ಎ6 ಎಂದು ತಡೆದರೆ ಮೊದಲು ಎ4. ಬಿ5ಕ್ಕೆ ಬಂದ ಕಾಲಾಳಿಗೆ ಕಪ್ಪು ಏನು ಉತ್ತರ ಕೊಡಬಹುದು? ಸಿ6ರಿಂದ ಅದನ್ನು ಕಡಿದರೆ ಡಿ5ರ ಕಾಲಾಳು ಒಂಟಿಯಾಗುತ್ತದೆ, ಬಿ7ರದ್ದೂ ದುರ್ಬಲವಾಗುತ್ತದೆ. ಸಿ5ಕ್ಕೆ ನಡೆಸಿದರೆ ಬಿಳಿ ಡಿ4ರಿಂದ ಕಡಿದು ಡಿ5ರ ಕಾಲಾಳನ್ನು ಒಂಟಿ ಮಾಡುತ್ತದೆ. ಸುಮ್ಮನಿದ್ದರೆ ಬಿಳಿಯೇ ಸಿ6ರಲ್ಲಿ ಕಡಿಯುತ್ತದೆ, ಕಪ್ಪು ಬಿ7ರಿಂದ ಮರಳಿ ಕಡಿಯಬೇಕಾಗುತ್ತದೆ. ಆಗ ಸಿ6ರಲ್ಲಿ ಉಳಿಯುವ ಕಾಲಾಳಿಗೆ ಪಕ್ಕದಲ್ಲಿ ಕಾಯುವ ಇನ್ನೊಂದು ಕಾಲಾಳಿಲ್ಲ, ಮುಂದೆ ಹೋಗಲು ಡಿ4ರ ಕಾಲಾಳು ಬಿಡುವುದಿಲ್ಲ, ಎದುರಿನ ಸಿ ಸಾಲಿನಲ್ಲಿ ಬಿಳಿಯ ಆನೆಗಳಿಗೆ ತಡೆಯಿಲ್ಲ. ಬಿಳಿ ಅಲ್ಲಿಗೆ ನುಗ್ಗುವುದು ಕಾಲಾಳುಗಳ ಸಂಖ್ಯೆಯಲ್ಲಿ ಗೆಲ್ಲಲು ಅಲ್ಲ. ತನ್ನ ಎರಡನ್ನು ಕರಗಿಸಿ, ಎದುರಾಳಿಯ ಬಳಿ ಉಳಿಯುವ ಒಂದನ್ನು ಅವನ ಪಾಲಿನ ಹೊರೆಯನ್ನಾಗಿ ಮಾಡಲು. ಇದನ್ನು ಮೈನಾರಿಟಿ ಅಟ್ಯಾಕ್ ಎನ್ನುತ್ತಾರೆ.

ಇದನ್ನು ಆಡುವ ಅನೇಕರು ಮಾಡುವ ತಪ್ಪು, ಬಿ5 ಹೊಡೆತವೇ ಗೆಲುವೆಂದು ಭಾವಿಸಿ ರಾಜನ ಕಡೆಯನ್ನು ಮರೆಯುವುದು. ಕಪ್ಪೇನೂ ಕೈಕಟ್ಟಿ ಕೂರುವುದಿಲ್ಲ. ಕುದುರೆಯನ್ನು ಇ4ಕ್ಕೆ ನೆಲೆಯೂರಿಸಿ, ಎಫ್5ರಿಂದ ಅದಕ್ಕೆ ಬೆಂಬಲ ಕೊಟ್ಟು, ಮಂತ್ರಿ ಮತ್ತು ಆನೆಯನ್ನು ನಿಮ್ಮ ರಾಜನತ್ತ ತಿರುಗಿಸುತ್ತದೆ. ಸಿ6ರ ಕಾಲಾಳನ್ನು ಗೆಲ್ಲಲು ನಿಮಗೆ ಹತ್ತು ನಡೆ ಬೇಕು, ನಿಮ್ಮ ರಾಜನನ್ನು ಹಿಡಿಯಲು ಅವರಿಗೆ ಎಂಟು ಸಾಕಾದರೆ ನಿಮ್ಮ ಲೆಕ್ಕವೆಲ್ಲ ವ್ಯರ್ಥ. ನೀವು ಬಿ4 ನಡೆಸಿದ ಕೂಡಲೇ ಕಪ್ಪು ತಾನೇ ಬಿ5 ನಡೆಸಿ ದಾಳಿಯನ್ನು ಅಲ್ಲೇ ಕಟ್ಟಿಹಾಕುವ ಉಪಾಯವೂ ಇದೆ. ಆಗ ಸಿ6 ದುರ್ಬಲವಾಗುತ್ತದೆ ನಿಜ, ಆದರೆ ಕಪ್ಪಿನ ಕುದುರೆ ಡಿ7ರಿಂದ ಬಿ6ಕ್ಕೆ, ಅಲ್ಲಿಂದ ಸಿ4ಕ್ಕೆ ಬಂದು ಕುಳಿತರೆ ಆ ಸಾಲೇ ಮುಚ್ಚಿಹೋಗಿ, ನಿಮ್ಮ ಆನೆಗಳಿಗೆ ಸಿ6 ಕಾಣುವುದೇ ಇಲ್ಲ. ಆದ್ದರಿಂದ ಬಿ4 ನಡೆಸುವ ಮುನ್ನ, ಆ ಕುದುರೆ ಸಿ4ಕ್ಕೆ ಬರಲು ಎಷ್ಟು ನಡೆ ದೂರದಲ್ಲಿದೆಯೆಂದು ಎಣಿಸಿ. ಹತ್ತಿರದಲ್ಲಿದ್ದರೆ ತಡೆಯಿರಿ, ಮೊದಲು ಎ4 ನಡೆಸಿ ಬಿ5ರ ಮೇಲೆ ಕಾವಲಿಡಿ.

2024ರ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ ಮತ್ತು ಡಿಂಗ್ ಲಿರೆನ್ ನಡುವಿನ ವಿಶ್ವ ಪಟ್ಟದ ಪಂದ್ಯದ ಮೂರನೇ ಆಟವೂ ನಿಮ್ಮ ಈ ಎಕ್ಸ್‌ಚೇಂಜ್ ವೇರಿಯೇಷನ್‌ನದೇ. ಅದರಲ್ಲಿ ಡಿಂಗ್ ತಮ್ಮ ಒಂಟೆಯನ್ನು ಏಳನೇ ನಡೆಯಲ್ಲೇ ಎಫ್5ಕ್ಕೆ ತಂದರು, ಗುಕೇಶ್ ಎರಡು ನಡೆಗಳ ನಂತರ ಜಿ4 ಎಂದು ಕಾಲಾಳನ್ನು ತಳ್ಳಿ ಆ ಒಂಟೆಯನ್ನೇ ಅಟ್ಟಿದರು. ಮುಂದೆ ಆ ಒಂಟೆ ಎಲ್ಲೆಲ್ಲಿ ಅಲೆಯಿತು, ಹೇಗೆ ಸಿಕ್ಕಿಬಿತ್ತು ಎಂಬುದನ್ನು ಬಿಡುವಾದ ಒಂದು ಸಂಜೆ ಹಲಗೆಯ ಮೇಲೆ ಆಡಿ ನೋಡಿ, ಸಂದೇಹ ಉಳಿದರೆ ಮತ್ತೆ ಬರೆಯಿರಿ.